ಮಾವಿನಕಟ್ಟೆ ಸಂಕದ ಗಾಜು

ಸಾಲಿಗ್ರಾಮದ ಮಯ್ಯರ ಮನೆಯಲ್ಲಿ ಹುಟ್ಟಿದವನು ಒಂದೋ ದೇವಸ್ಥಾನದಲ್ಲಿ ಮಣೆ ಹಾಕಿಕೊಂಡು ಕೂರಬೇಕು, ಇಲ್ಲವೇ ಗದ್ದೆಯ ಅಂಚಿನಲ್ಲಿ ಕೊಡೆ ಹಿಡಿದು ನಿಲ್ಲಬೇಕು. ಶಾಮರಾಯ ಮಯ್ಯರು ಎರಡನ್ನೂ ಬಿಟ್ಟು ಕುಂದಾಪುರದ ಪೇಟೆಯಲ್ಲಿ ಪಟ ತೆಗೆಯುವ ಅಂಗಡಿ ಇಟ್ಟರು. ಅಂಗಡಿ ಇಟ್ಟದ್ದನ್ನು ಅವರ ಅಪ್ಪಯ್ಯ ಹೇಗೋ ನುಂಗಿಕೊಂಡಿದ್ದರು. ಆದರೆ ಮೂರ್ಸಂಜೆಯಲ್ಲಿ, ಬ್ರಾಹ್ಮಣನಾದವನು ಕೈಕಾಲು ತೊಳೆದು ಸಂಧ್ಯಾವಂದನೆಗೆ ಕೂರಬೇಕಾದ ಹೊತ್ತಿನಲ್ಲಿ, ಮಗರಾಯ ಯಾವುದೋ ಹೊಳೆಯ ದಂಡೆಯಲ್ಲಿ ಕರಿಬಟ್ಟೆಯೊಳಗೆ ತಲೆ ತೂರಿಸಿಕೊಂಡು ನಿಂತಿರುತ್ತಾನೆ ಎಂಬ ಸುದ್ದಿಯನ್ನು ಮಾತ್ರ ನುಂಗಲಿಕ್ಕೆ ಆಗಲಿಲ್ಲ.

ಅದು ನಲವತ್ತೆಂಟನೇ ಇಸವಿ. ಜಿಲ್ಲಾ ಬೋರ್ಡಿನ ಇಂಜಿನಿಯರರೊಬ್ಬರು ಪೆನ್ಶನ್ನಿಗೆ ಹೋಗುವ ಮೊದಲು ತಮ್ಮ ಕಾಲದ ಸೇತುವೆಗಳದ್ದೊಂದು ಆಲ್ಬಮ್ ಮಾಡಿಸಬೇಕೆಂದು ಮನಸ್ಸು ಮಾಡಿದ್ದರು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಎಷ್ಟು ಹಳೆಯ ಕಲ್ಲುಸಂಕಗಳಿವೆಯೋ ಅಷ್ಟೂ ಬೇಕು, ಅವುಗಳ ಪಕ್ಕದಲ್ಲಿ ಏಳುತ್ತಿರುವ ಹೊಸ ಸಿಮೆಂಟಿನ ಸೇತುವೆಗಳೂ ಬೇಕು. ಒಂದೇ ಒಂದು ಶರತ್ತು. “ಜನ ಬೇಡ ಮಯ್ಯರೆ. ಸೇತುವೆ ಮಾತ್ರ ಕಾಣಬೇಕು” ಎಂದಿದ್ದರು.

ಹೇಳುವುದು ಸುಲಭ. ನಮ್ಮ ಕಡೆ ಹೊಳೆಯ ದಂಡೆಯಲ್ಲಿ ಒಬ್ಬ ಸುಮ್ಮನೆ ನಿಂತು ಮೇಲೆ ನೋಡಿದರೂ ಸಾಕು, ಹತ್ತು ಜನ ಬಂದು ಪಕ್ಕದಲ್ಲಿ ನಿಂತು ಮೇಲೆ ನೋಡುತ್ತಾರೆ. ಮೂರು ಕಾಲಿನ ಮೇಲೆ ಪೆಟ್ಟಿಗೆ ಇಟ್ಟು ಕರಿಬಟ್ಟೆ ಹೊದೆದವನನ್ನು ಬಿಡುತ್ತಾರೆಯೇ? ಮಯ್ಯರು ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಹಗಲಲ್ಲಿ ಪಟ ತೆಗೆದರೆ ನೀರಿನ ಹೊಳಪು ಪೆಟ್ಟಿಗೆಯೊಳಗೆ ಪಟ ಮೂಡುವ ಗಾಜನ್ನು ಕೆಡಿಸುತ್ತದೆ, ಬಂದವರೆಲ್ಲ ಪಟದಲ್ಲಿ ಬಂದು ಕೂರುತ್ತಾರೆ. ಸೂರ್ಯ ಮುಳುಗಿದ ಮೇಲಾದರೆ ಬೆಳಕು ಕಡಿಮೆ. ಪೆಟ್ಟಿಗೆಯ ಮುಚ್ಚಳವನ್ನು ಒಂದು ನಿಮಿಷಕ್ಕೂ ಹೆಚ್ಚು ತೆರೆದೇ ಇಡಬೇಕು. ಅಷ್ಟು ಹೊತ್ತು ಅಲ್ಲಾಡದೆ ನಿಂತದ್ದು ಮಾತ್ರ ಗಾಜಿನಲ್ಲಿ ಉಳಿಯುತ್ತದೆ. ಕಲ್ಲು ಉಳಿಯುತ್ತದೆ, ಕಂಬ ಉಳಿಯುತ್ತದೆ. ನಡೆಯುವವರು, ಬುಟ್ಟಿ ಹೊತ್ತವರು, ಬಸ್ಸಿಗೆ ಓಡುವವರು ಯಾರೂ ಉಳಿಯುವುದಿಲ್ಲ. ಸಂತೆಯಷ್ಟು ಜನ ದಾಟಿದರೂ ಪಟದಲ್ಲಿ ಸಂಕ ಖಾಲಿ ಇರುತ್ತದೆ.

ಆ ಒಂದು ನಿಮಿಷವನ್ನು ಅಳೆಯುವುದಕ್ಕೆ ಮಯ್ಯರು ಗಡಿಯಾರ ಇಟ್ಟುಕೊಂಡಿರಲಿಲ್ಲ. ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ತುಟಿಯಲ್ಲೇ ಗಾಯತ್ರಿ ಹೇಳುತ್ತಿದ್ದರು. ಬೆಳಕು ಚೆನ್ನಾಗಿದ್ದರೆ ಆರು, ಮಬ್ಬಿದ್ದರೆ ಹತ್ತು. ಹೆಂಡತಿ ಮನೋರಮಾಳ ಹತ್ತಿರ ಅದನ್ನೇ ದೊಡ್ಡ ಸಾಧನೆಯೆಂಬಂತೆ ಹೇಳಿಕೊಂಡಿದ್ದರು.

“ದಿನಾ ಹತ್ತ್ ಗಾಯತ್ರಿ ಹೊಳಿ ದಂಡೆಯಗೇ ಆತ್ತ್. ಅಪ್ಪಯ್ಯಂಗೆ ಇನ್ನೆಂತ ಬೇಕಂಬ್ರ್?”

“ಅದ್ ದೇವ್ರಿಗೆ ಹೇಳ್ದದ್ದಾ, ಡಬ್ಬಿಗೆ ಹೇಳ್ದದ್ದಾ?” ಎಂದು ಮನೋರಮಾ ದೀಪದ ಬತ್ತಿ ಹೊಸೆಯುತ್ತಲೇ ಕೇಳಿದ್ದಳು.

ನಾವುಂದದಿಂದ ಸ್ವಲ್ಪ ಮುಂದೆ ಮಾವಿನಕಟ್ಟೆ ಹೊಳೆ. ಅಲ್ಲಿ ಅಜ್ಜಂದಿರ ಕಾಲದ ಕಲ್ಲುಸಂಕವೊಂದಿತ್ತು. ಬಸ್ಸು ಅದರ ಮೇಲೆ ಹೋಗುವಂತಿರಲಿಲ್ಲ. ಈಚೆಯ ಬಸ್ಸಿನಿಂದ ಇಳಿದ ಜನ ಗಂಟುಮೂಟೆ ಹೊತ್ತು ಸಂಕ ದಾಟಿ ಆಚೆಯ ಬಸ್ಸು ಹತ್ತಬೇಕಾಗಿತ್ತು. ಪಕ್ಕದಲ್ಲೇ ಹೊಸ ಸೇತುವೆಯ ಕಂಬಗಳು ಎದ್ದಿದ್ದವು. ಹಿಂದಿನ ಮಳೆಗಾಲದಲ್ಲಿ ನಡುವಿನ ಕಂಬ ಒಂದು ಬದಿಗೆ ವಾಲಿಬಿಟ್ಟಿತು. ಅಡಿಯಲ್ಲಿ ಕೆಸರು ಹೆಚ್ಚಿತ್ತು, ಅಷ್ಟೇ. ಆದರೆ ಕೆಸರಿನ ಸುದ್ದಿಯನ್ನು ಯಾರು ಕೇಳುತ್ತಾರೆ? ಹೊಳೆ ತಲೆ ಕೇಳುತ್ತಿದೆ ಎಂದು ಊರಲ್ಲಿ ಮಾತು ಹುಟ್ಟಿತು. ಸೇತುವೆ ನಿಲ್ಲಬೇಕಾದರೆ ಒಂದು ಜೀವ ಕೊಡಬೇಕು, ಕಂತ್ರಾಟುದಾರರು ಮಕ್ಕಳನ್ನು ಹಿಡಿಯುವುದಕ್ಕೆ ಜನ ಬಿಟ್ಟಿದ್ದಾರೆ. ಈ ಮಾತಿಗೆ ಕೈಕಾಲು ಮೂಡಿದ್ದು ಸಂಕದ ಬಾಯಲ್ಲಿದ್ದ ಅಣ್ಣಯ್ಯನ ಚಾದಂಗಡಿಯಲ್ಲಿ. ಸಕ್ಕರೆ ರೇಶನ್ನಿನ ಕಾಲ. ಅಣ್ಣಯ್ಯ ಚಾಕ್ಕೆ ಬೆಲ್ಲವನ್ನೂ ಅಳೆದೇ ಹಾಕುತ್ತಿದ್ದ. ಸುದ್ದಿಗೆ ಮಾತ್ರ ಅವನ ಕೈ ಬಹಳ ಧಾರಾಳ.

ಇಂಥ ಊರಿಗೆ ಮಯ್ಯರು ಮಾರ್ಗಶಿರದ ಒಂದು ಸಂಜೆ ಪೆಟ್ಟಿಗೆ ಹೊತ್ತುಕೊಂಡು ಬಂದರು. ಹಳೆಯ ಸಂಕ, ಅದರ ಹಿಂದೆ ಹೊಸ ಕಂಬಗಳು, ಅದರಾಚೆ ಕೆಂಪು ಇಳಿದು ಬೂದಿ ಬಣ್ಣಕ್ಕೆ ತಿರುಗುತ್ತಿರುವ ಆಕಾಶ. ಅಂಥ ಬೆಳಕು ವರ್ಷಕ್ಕೆ ಎರಡು ಸಲ ಸಿಕ್ಕರೆ ಹೆಚ್ಚು. ಅಷ್ಟರಲ್ಲಿ ಬಸ್ಸು ಬಂತು. ಮೂವತ್ತು ನಲವತ್ತು ಜನ ಸಂಕದ ಮೇಲೆ ಹೊರಟರು. ಅಣ್ಣಯ್ಯನೂ ಹಾಲಿನ ತಂಬಿಗೆ ಹಿಡಿದು ಅವರ ನಡುವೆ ಇದ್ದ. ಮಯ್ಯರಿಗೆ ಅದರ ಚಿಂತೆಯಿಲ್ಲ, ಹೋಗುವವರು ಹೋಗಲಿ. ಮುಚ್ಚಳ ತೆಗೆದು ಕಣ್ಣು ಮುಚ್ಚಿ ಗಾಯತ್ರಿ ಹಿಡಿದರು.

ಹತ್ತನೆಯದು ಮುಗಿದು ಮುಚ್ಚಳ ಹಾಕಿದಾಗ ಸಂಕದ ಮೇಲೆ ಒಂದು ಹುಡುಗಿ ಉಳಿದಿದ್ದಳು. ಎಂಟು ವರ್ಷ ಇರಬಹುದು. ತಲೆಯ ಮೇಲೆ ಚಿಪ್ಪಿನ ಬುಟ್ಟಿ, ಒಂದು ಕೈ ಸಂಕದ ಕಲ್ಲಿನ ಮೇಲೆ. ಅವಳು ಓಡಿ ಬಂದು ಪೆಟ್ಟಿಗೆಯ ಎದುರು ನಿಂತಳು.

“ಹ್ವಾಯ್ ಅಯ್ಯ, ನೀವ್ ಬಾಯಗೇ ಎಂತ ಹೇಳ್ದದ್ದ್?”

“ಲೆಕ್ಕ.”

“ಲೆಕ್ಕ ಕಣ್ಣ್ ಮುಚ್ಚಿ ಹೇಳ್ತ್ರಾ? ನಾನ್ ಅದ್ರಗೆ ಬಂದ್ನಾ?”

“ಅಲ್ಲಾಡ್ದೆ ನಿಂತಿದ್ರೆ ಬತ್ತೆ.”

“ನಾನ್ ಅಲ್ಲಾಡ್ಲೇ ಇಲ್ಲೆ. ಕೊಕ್ರೆ ನಿಂತಂಗೆ ನಿಂತ್ಕಂಡಿದ್ದೆ” ಎಂದು ಹುಡುಗಿ ಒಂದು ಕಾಲು ಮಡಚಿ ತೋರಿಸಿದಳು. ಹೆಸರು ಸುಗುಣ. ಅವಳ ಅಮ್ಮನ ಹೆಸರು ಮುತ್ತು, ಸುಣ್ಣ ಸುಡುವ ಗೂಡಿಗೆ ಹೊಳೆಯ ಚಿಪ್ಪು ಹೆಕ್ಕಿ ಹಾಕುವವಳು. ಅಪ್ಪ ಸೂರ ಬೊಂಬಾಯಿಗೆ ಹೋದವನು ಮೂರು ವರ್ಷವಾದರೂ ಕಾಗದ ಬರೆದಿರಲಿಲ್ಲ. ತಾಯಿ ಮಗಳು ಇಬ್ಬರೇ. ಇಷ್ಟನ್ನೂ ಹುಡುಗಿ ಒಂದೇ ಉಸಿರಿಗೆ ಹೇಳಿ ಮುಗಿಸಿ, ಪಟ ಆದ ಮೇಲೆ ತೋರಿಸುತ್ತೇನೆಂದು ಮಯ್ಯರಿಂದ ಮಾತು ತೆಗೆದುಕೊಂಡು ಹೋದಳು.

ಕುಂದಾಪುರದ ಕತ್ತಲೆ ಕೋಣೆಯಲ್ಲಿ ಆ ಗಾಜನ್ನು ತೊಳೆದು ನೋಡಿದಾಗ ಮಯ್ಯರಿಗೆ ಖುಷಿಯಿಂದ ಮೈ ಜುಮ್ಮೆಂದಿತು. ಬಸ್ಸಿನ ಜನ ಒಬ್ಬರೂ ಇಲ್ಲ. ಕಲ್ಲುಸಂಕ ಒದ್ದೆ ಹೊಳಪಿನಲ್ಲಿ ಬಿದ್ದುಕೊಂಡಿದೆ, ನೀರು ಹಾಸಿದ ಬಟ್ಟೆಯಂತೆ ನಿಶ್ಚಲ. ಸಂಕದ ನಡುವೆ ಬುಟ್ಟಿ ಹೊತ್ತ ಆ ಒಬ್ಬಳೇ ಹುಡುಗಿ, ಕಣ್ಣಿನ ರೆಪ್ಪೆಯವರೆಗೆ ಸ್ಪಷ್ಟ. ಹದಿನೈದು ವರ್ಷದ ಕೆಲಸದಲ್ಲಿ ಇಂಥದ್ದೊಂದು ಅವರ ಕೈಯಿಂದ ಬಂದಿರಲಿಲ್ಲ. ಜನ ಬೇಡ ಎಂದ ಇಂಜಿನಿಯರರಿಗೂ ಇದನ್ನು ಬೇಡ ಎನ್ನಲು ಬಾಯಿ ಬರಲಾರದು, ಆಲ್ಬಮಿನ ಮೊದಲ ಹಾಳೆಗೆ ಇದೇ ಎಂದು ಅಲ್ಲೇ ತೀರ್ಮಾನಿಸಿದರು.

ಎಂಟು ದಿನ ಬಿಟ್ಟು ಪಟದ ಒಂದು ಪ್ರತಿ ಹಿಡಿದು ಮಾವಿನಕಟ್ಟೆಗೆ ಹೋದರು. ಹುಡುಗಿಗೆ ಕೊಟ್ಟ ಮಾತು ಒಂದು ನೆಪ. ನಾಲ್ಕು ಜನ ನೋಡಿ ಹೊಗಳಲಿ ಎಂಬ ಆಸೆಯೂ ಇತ್ತೆಂದು ಒಪ್ಪಿಕೊಳ್ಳಬೇಕು. ಅಣ್ಣಯ್ಯನ ಅಂಗಡಿಯಲ್ಲಿ ಪಟ ಕೈಯಿಂದ ಕೈಗೆ ದಾಟಿತು. ಇದು ಬರೀ ಕಾಗದದ ಪ್ರತಿ, ಮೂಲದ ಗಾಜು ಕುಂದಾಪುರದಲ್ಲಿದೆ ಎಂದು ಮಯ್ಯರು ಹೇಳಿದರು. ಸುಗುಣ ತನ್ನ ಮುಖ ನೋಡಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಮುತ್ತು ಬಾಗಿಲ ಹೊರಗೆ ಬುಟ್ಟಿ ಇಳಿಸಿ ನಿಂತಿದ್ದಳು. ಅಣ್ಣಯ್ಯ ಮಾತ್ರ ಪಟವನ್ನು ಹತ್ತಿರ ಹಿಡಿದ, ದೂರ ಹಿಡಿದ, ಮಗುಚಿ ಬೆನ್ನನ್ನೂ ನೋಡಿದ.

“ಇದೆಂತ ಮಯ್ಯರೆ? ಆ ದಿನ ನಾನೂ ಅಲ್ಲೇ ಇದ್ದಿದ್ದೆ. ಹಾಲಿನ್ ತಂಬಿಗೆ ಹಿಡ್ಕಂಡಿದ್ದೆ. ನಾನೆಲ್ಲಿ?”

“ಬಸ್ಸಿನ್ ಜನ ಎಲ್ಲ ಎಲ್ಲಿ?” ಎಂದು ಇನ್ನೊಬ್ಬ ಕೇಳಿದ.

ಇಲ್ಲಿ ಮಯ್ಯರು ಬೆಳಕಿನ ಲೆಕ್ಕ ಹೇಳಬಹುದಿತ್ತು. ಪುರಾಣ ಬಿಡಿಸುವಂತೆ ಬಿಡಿಸಿ ಹೇಳುವ ಬಾಯಿ ಅವರಿಗಿತ್ತು. ಆದರೆ ಹೊಗಳಿಕೆಗೆ ಕಾದು ನಿಂತವನ ಬುದ್ಧಿ ನೆಟ್ಟಗಿರುವುದಿಲ್ಲ. ನಗುತ್ತಾ ಅಂದುಬಿಟ್ಟರು. “ನೀವೆಲ್ಲ ತಪ್ಪಿಸ್ಕಂಡ್ರಿ ಅಣ್ಣಯ್ಯ. ಸಿಕ್ಕಿ ಬಿದ್ದದ್ದ್ ಇವಳೊಬ್ಬಳೇ!”

ಯಾರೂ ನಗಲಿಲ್ಲ. ಮಯ್ಯರು ಕಣ್ಣು ಮುಚ್ಚಿ ಮಂತ್ರ ಹೇಳಿದ್ದನ್ನು ಆ ಸಂಜೆ ಇಡೀ ದಂಡೆ ಕಂಡಿತ್ತು. ಒಳಗೆ ಕೂತಿದ್ದ ಮುದುಕನೊಬ್ಬ ವಾಲಿದ ಕಂಬದ ಕಡೆ ತಿರುಗಿ ನೋಡಿದ. ಮುತ್ತು ಒಳಗೆ ಬಂದು ಅಣ್ಣಯ್ಯನ ಕೈಯಿಂದ ಪಟ ಕಿತ್ತು ಒಲೆಗೆ ಹಾಕಿದಳು. ಹುಡುಗಿಯ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಮಯ್ಯರಿಗೆ ಆಶ್ಚರ್ಯವಾಯಿತು, ಸ್ವಲ್ಪ ಸಿಟ್ಟೂ ಬಂತು. ಅನಕ್ಷರಸ್ಥರ ಮೌಢ್ಯ ಎಂದು ಅಂದುಕೊಂಡು ಬಸ್ಸು ಹತ್ತಿದರು.

ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಮುತ್ತು ಕುಂದಾಪುರದ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತಿದ್ದಳು. ದೋಣಿ ದಾಟಿ, ಉಳಿದ ದಾರಿಯನ್ನು ಅರ್ಧ ನಡೆದು ಅರ್ಧ ಗಾಡಿಯಲ್ಲಿ ಬಂದಿದ್ದಳು. ಮಯ್ಯರನ್ನು ಕಂಡದ್ದೇ ಎದ್ದು ಕೈ ಮುಗಿದಳು.

“ಅಯ್ಯ, ನನ್ನ ಹೆಣ್ಣನ್ನ ಬಿಟ್ ಬಿಡಿ.”

“ಎಂತ ಆಯ್ತ್ ಮುತ್ತು?”

“ಒಂಬತ್ತ್ ದಿನ ಆಯ್ತ್, ಜರ ಇಳುದಿಲ್ಲೆ. ಕರೆದ್ರೆ ಕಣ್ಣ್ ಬಿಡುದಿಲ್ಲೆ. ನೀವ್ ಮಂತ್ರ ಹೇಳಿ ಹಿಡ್ದದ್ದ್ ಎಲ್ಲರೂ ಕಂಡಿದ್ರ್. ಅದನ್ನ ಹೊಳಿಗೆ ಕೊಡ್ಬೇಡಿ ಅಯ್ಯ. ನಂಗ್ ಇಪ್ಪುದ್ ಅದೊಂದೇ. ಬೇಕಾರೆ ನನ್ನನ್ನ ಹಿಡ್ಕಣಿ, ಎಷ್ಟ್ ಹೊತ್ತ್ ಬೇಕಾರೂ ಅಲ್ಲಾಡ್ದೆ ನಿಲ್ತೆ. ಆ ಗಾಜ್ ಒಡ್ದ್ ಹಾಕಿ.”

ಮಯ್ಯರು ಈಗ ಎಲ್ಲವನ್ನೂ ಬಿಡಿಸಿ ಹೇಳಿದರು. ಬೆಳಕು, ಮುಚ್ಚಳ, ನಡೆಯುವವರು ಯಾಕೆ ಉಳಿಯುವುದಿಲ್ಲ ಎಂಬುದು, ಗಾಯತ್ರಿಯ ಲೆಕ್ಕ ಎಲ್ಲವನ್ನೂ. ಹೇಳಬೇಕಾದ ದಿನ ಹೇಳದೆ ಇದ್ದ ಮಾತು ಈಗ ಯಾರ ಕಿವಿಗೂ ಹೋಗುವಂತಿರಲಿಲ್ಲ. ಅವಳು ತಲೆಯಾಡಿಸುತ್ತಾ ಕೇಳಿದಳು. ಮುಗಿದ ಮೇಲೆ, “ಗಾಜ್ ಒಡ್ದ್ ಹಾಕಿ ಅಯ್ಯ” ಎಂದಳು.

ಪರದೆಯ ಹಿಂದಿನಿಂದ ಮನೋರಮಾ ಗಂಡನನ್ನು ಒಳಗೆ ಕರೆದಳು. “ಒಡ್ದ್ ಕೊಡಿ. ಗಾಜೇ ಅಲ್ದಾ ಅದ್?”

ಗಾಜೇ. ಮಯ್ಯರು ಕಪಾಟಿನ ಮುಂದೆ ನಿಂತು ಅದನ್ನು ಹೊರಗೆ ತೆಗೆದರು. ಕಿಟಕಿಯ ಬೆಳಕಿಗೆ ಹಿಡಿದರು. ಅವರ ಕೈಗೆ ಒಡೆಯುವ ಮನಸ್ಸು ಬರಲಿಲ್ಲ. ಇದನ್ನು ಒಡೆದರೆ ಜ್ವರ ಒಂದು ಡಿಗ್ರಿಯೂ ಇಳಿಯುವುದಿಲ್ಲ ಎಂದು ಬುದ್ಧಿ ಹೇಳಿತು. ಬುದ್ಧಿ ಹೇಳಿದ್ದು ಸತ್ಯವೇ. ಅವರು ಅದನ್ನು ಮೆಲ್ಲಗೆ ಒಳಗಿಟ್ಟು, ಕೆಳಗಿನ ಅಡ್ಡಹಲಗೆಯಿಂದ ಶಂಕರನಾರಾಯಣಕ್ಕೆ ಹೋಗುವ ದಾರಿಯ ಯಾವುದೋ ಸಂಕದ ಹಾಳಾದ ಗಾಜೊಂದನ್ನು ತೆಗೆದುಕೊಂಡರು. ಬೆಳಕು ಹೊಕ್ಕು ಪೂರ್ತಿ ಕಪ್ಪಾಗಿದ್ದ ಗಾಜು ಅದು.

ಹೊರಗೆ ಮೆಟ್ಟಿಲ ಮೇಲೆ ಇಟ್ಟು ಕಲ್ಲಿನಿಂದ ಗುದ್ದಿದರು. ಮುತ್ತು ನೋಡಲೇ ಇಲ್ಲ. ಮಗಳಿಗೆ ಏಟು ಬೀಳುತ್ತಿದೆಯೋ ಎಂಬಂತೆ ಮುಖ ತಿರುಗಿಸಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಒಡೆಯುವ ಮೊದಲು ಒಂದು ಸಲ ಕಣ್ಣು ಬಿಟ್ಟಿದ್ದರೂ ಅದರಲ್ಲಿ ಏನೂ ಇಲ್ಲವೆಂದು ಗೊತ್ತಾಗುತ್ತಿತ್ತು. ಆಮೇಲೆ ಬಗ್ಗಿ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. ಹೊಳೆಗೆ ಬಿಡಬೇಕು, ಒಂದೂ ಉಳಿಯಬಾರದು ಎಂದಳು. ಮೆಟ್ಟಿಲ ಸಂದಿಯಲ್ಲಿ ಉಳಿದ ಪುಡಿಯನ್ನೂ ಒದ್ದೆ ಬೆರಳಿನಿಂದ ಒತ್ತಿ ತೆಗೆದಳು. ಮಯ್ಯರ ಕಾಲಿಗೆ ಬಿದ್ದು ಹೋದಳು.

“ಅದ್ ಯಾವ ಗಾಜ್?” ಮನೋರಮಾ ಕೇಳಿದಳು. ಅವಳು ಪರದೆಯ ಹಿಂದೆಯೇ ಇದ್ದಳು.

“ಜ್ವರ ಗಾಜಿಂದ ಬಪ್ಪುದಲ್ಲ.”

“ಒಡೆದ್ರೆ ಹೋಪುದೂ ಅಲ್ಲ, ಅದ್ ನಂಗೂ ಗೊತ್ತಿತ್ತ್. ಒಡ್ದ್ ಕೊಡಿ ಅಂತ ಕೇಂಡದ್ದ್ ಅವಳ್, ನಾವಲ್ಲ” ಎಂದು ಅವಳು ಒಳಗೆ ಹೋದಳು.

ಮಯ್ಯರು ಕೆಟ್ಟವರಲ್ಲ. ಮರುದಿನವೇ ಪರಿಚಯದ ಡಾಕ್ಟರೊಬ್ಬರನ್ನು ಕರೆದುಕೊಂಡು ಮಾವಿನಕಟ್ಟೆಗೆ ಹೋದರು. ಡಾಕ್ಟರು ವಿಷಮಜ್ವರ ಎಂದರು, ಗಂಜಿತಿಳಿ ಬಿಟ್ಟು ಬೇರೇನೂ ಕೊಡಬಾರದೆಂದರು, ಔಷಧಿ ಕೊಟ್ಟರು. ವಿಚಿತ್ರವೆಂದರೆ ಜ್ವರ ಅಷ್ಟರಲ್ಲೇ ಇಳಿದಿತ್ತು. ಸುಗುಣ ಚಾಪೆಯ ಮೇಲೆ ಕಣ್ಣು ಬಿಟ್ಟು ಮಲಗಿದ್ದಳು. ಮಯ್ಯರನ್ನು ಕಂಡು ಗುರುತು ಹಿಡಿದಳು. ಚೂರುಗಳನ್ನು ನಿನ್ನೆಯೇ ಹೊಳೆಗೆ ಬಿಟ್ಟೆ, ಬಿಟ್ಟ ಗಳಿಗೆಯಿಂದಲೇ ಜ್ವರ ಬಿಟ್ಟಿತು ಎಂದು ಮುತ್ತು ಎಲ್ಲರಿಗೂ ಹೇಳುತ್ತಿದ್ದಳು. ಡಾಕ್ಟರು ಮಾತ್ರ ದಾರಿಯಲ್ಲಿ, ಈ ಜ್ವರ ಬಿಟ್ಟಂತೆ ಮಾಡಿ ಮತ್ತೆ ಬರುವುದುಂಟು ಎಂದರು. ಮಯ್ಯರು ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳಲಿಲ್ಲ. ಗಾಜೂ ಉಳಿಯಿತು, ಹುಡುಗಿಯೂ ಉಳಿದಳು ಎಂದು ಮನಸ್ಸು ಹಗುರ ಮಾಡಿಕೊಂಡು ಮನೆಗೆ ಬಂದರು.

ಆಮೇಲೆ ಹಂಗಾರಕಟ್ಟೆ ಕಡೆ ಹೋದರು, ಬ್ರಹ್ಮಾವರದ ಆಸುಪಾಸಿನ ಸಂಕಗಳನ್ನು ಮುಗಿಸಿದರು. ಮಾವಿನಕಟ್ಟೆಗೆ ಮತ್ತೆ ಹೋದದ್ದು ಒಂದೂವರೆ ತಿಂಗಳ ಮೇಲೆ. ಹೊಸ ಸೇತುವೆ ಮುಗಿದು, ಸಿಮೆಂಟು ಗಟ್ಟಿಯಾಗಲು ಕಟ್ಟಿದ್ದ ಕೊನೆಯ ಹಲಗೆಯನ್ನೂ ಬಿಚ್ಚಿದ್ದರು. ವಾಲಿದ ಕಂಬವನ್ನು ಕಿತ್ತು ಬೇರೆ ಕಟ್ಟಿದ್ದರು. ಅದೀಗ ನೆಟ್ಟಗೆ ನಿಂತಿತ್ತು. ಸಂಜೆಯ ಬೆಳಕಿನಲ್ಲಿ ಹೊಸ ಸೇತುವೆಯದ್ದೊಂದು ಪಟ ಬೇಕಾಗಿತ್ತು. ಅಣ್ಣಯ್ಯ ಮಯ್ಯರನ್ನು ಕಂಡು ಚಾಕ್ಕೆ ಕೈ ಹಾಕಲಿಲ್ಲ. ಒಲೆಯ ಕಡೆ ಮುಖ ಮಾಡಿಕೊಂಡೇ ಮಾತಾಡಿದ.

“ಸುಗುಣ ಹೋಯ್ತ್ ಮಯ್ಯರೆ. ನೀವ್ ಡಾಕ್ಟ್ರನ್ನ ಕರ್ಕಂಡ್ ಬಂದ ನಾಲ್ಕನೇ ದಿನ. ಜರ ತಿರ್ಗಿ ಬಂತ್.”

ಮಯ್ಯರು ಬೆಂಚಿನ ಮೇಲೆ ಕೂತರು.

“ಮುತ್ತು?”

“ಅವಳ್ ಕಾಣಿ, ಅಲ್ಲೇ. ದಿನಾ ನೀರ್ ಇಳ್ದ ಮೇಲೆ ಬತ್ಳ್.”

ಮಯ್ಯರು ಹೊರಗೆ ಬಂದು, ಬೇರೇನು ಮಾಡಬೇಕೆಂದು ತೋಚದೆ, ಅಭ್ಯಾಸಬಲದಿಂದ ಪೆಟ್ಟಿಗೆ ನಿಲ್ಲಿಸಿ ಕರಿಬಟ್ಟೆ ಹೊದೆದರು. ಪೆಟ್ಟಿಗೆಯ ಹಿಂಬದಿಯ ಮಬ್ಬುಗಾಜಿನಲ್ಲಿ ಹೊಸ ಸೇತುವೆ ತಲೆಕೆಳಗಾಗಿ ಕಂಡಿತು. ಅದರ ಕಂಬದ ಬುಡದಲ್ಲಿ ಒಂದು ಹೆಂಗಸು ಬಗ್ಗಿ ಕೆಸರು ಕೆದಕುತ್ತಿದ್ದಳು. ಹತ್ತಿರದಲ್ಲಿ ಚಿಪ್ಪಿನ ಬುಟ್ಟಿ ಇರಲಿಲ್ಲ. ಮಯ್ಯರು ಬಟ್ಟೆಯಿಂದ ತಲೆ ಹೊರಗೆ ತೆಗೆದರು. ಅಣ್ಣಯ್ಯ ಹಿಂದೆ ನಿಂತಿದ್ದ.

“ಚೂರ್ ಹುಡ್ಕುದ್” ಎಂದ. “ನಿಮ್ಮಲ್ಲಿಂದ ಬಪ್ಪಾಗ ಅವಳ ಸೆರಗ್ ಒಂದ್ ಕಡೆ ಹರ್ದಿತ್ತಂಬ್ರ್. ಒಂದ್ ಚೂರ್ ದಾರಿಯಗೆ ಬಿದ್ ಹೋಯ್ತ್, ಅದೇ ಒಂದ್ ಚೂರಿಂದ ಹೊಳಿ ಮಗಿಯನ್ನ ಎಳ್ಕಂಡ್ತ್, ತನ್ನ ಕೈಯಿಂದ್ಲೇ ಹೋಯ್ತ್ ಅಂತ ಹೇಳ್ತ್ಳ್. ಬೆಳಗಾತ ರಸ್ತೆ ಕಾಂತಾ ಹೋತ್ಳ್, ಸಂಜಿಗೆ ಇಲ್ಲಿ ಕೆದಕ್ತ್ಳ್. ಎಷ್ಟ್ ಹೇಳ್ರೂ ಕೇಣುದಿಲ್ಲೆ. ಬೆರಳೆಲ್ಲ ಗಾಯ.”

ಮಯ್ಯರು ಪೆಟ್ಟಿಗೆ ಮಡಚಿದರು. ಕೆಳಗಿಳಿದು ಹೋಗಿ ಮಾತಾಡುವ ಧೈರ್ಯ ಆ ಸಂಜೆ ಅವರಿಗಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಂದರು, ದಾರಿಯುದ್ದಕ್ಕೂ ಕಣ್ಣು ರಸ್ತೆಯ ಅಂಚಿಗೇ ಹೋಗುತ್ತಿತ್ತು.

ಮನೆಯಲ್ಲಿ ಊಟಕ್ಕೆ ಕೂತವರು ಅನ್ನವನ್ನು ಕಲಸುತ್ತಲೇ ಇದ್ದರು. ಮನೋರಮಾ ಕೇಳಿದಳು, ಹೇಳಿದರು. ಅವಳು ಸೌಟು ಕೆಳಗಿಟ್ಟಳು.

“ಬಿದ್ದದ್ದ್ ಆ ಗಾಜಿನ ಚೂರೇ ಅಲ್ಲ ಅಂತ ನೀವ್ ಹೇಳ್ಕ್ ಅವಳಿಗೆ.”

“ಹೇಳ್ರೆ ಗಾಜ್ ಇಡೀ ನನ್ನ ಹತ್ರ ಇತ್ತ್ ಅಂತ ಗೊತ್ತಾತ್ತ್. ನಾನೇ ಕೊಂದದ್ದ್ ಅಂತಳ್. ಊರೇ ಅಂತ್.”

“ಈಗ ಯಾರ್ ಕೊಂದದ್ದ್ ಅಂತಳ್?”

ಗಾಜಿನಲ್ಲಿ ಜೀವ ಇರುವುದಿಲ್ಲ, ಹೊಳೆ ತಲೆ ಕೇಳುವುದಿಲ್ಲ, ಕೊಂದದ್ದು ಜ್ವರ. ಇದು ಸತ್ಯ. ಈ ಸತ್ಯವನ್ನು ಹಿಡಿದುಕೊಂಡು ಅವರು ಮನೆಯಲ್ಲಿ ಕೂರಬಹುದಿತ್ತು. ಆದರೆ ಮುತ್ತುವಿನ ಮನೆಯ ಬಾಗಿಲಲ್ಲಿ ಆ ಸತ್ಯ ಒಳಗೆ ಹೋಗುವುದಿಲ್ಲ. ಅಲ್ಲಿ ಒಳಗೆ ಹೋಗುವುದು ಒಂದೇ ಪ್ರಶ್ನೆ, ತಪ್ಪು ಯಾರದ್ದು? ಅವಳದ್ದೋ, ಇವರದ್ದೋ. ಎರಡೂ ಅಲ್ಲ ಎಂಬ ಮೂರನೆಯ ದಾರಿಯನ್ನು ಮಯ್ಯರು ಅಣ್ಣಯ್ಯನ ಅಂಗಡಿಯಲ್ಲಿ ಒಂದು ಕುಚೋದ್ಯ ಮಾಡಿದ ದಿನ ತಾವೇ ಮುಚ್ಚಿಬಿಟ್ಟಿದ್ದರು.

ಮರುದಿನ ಬೆಳಿಗ್ಗೆ ಗಾಜನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಅದರ ಒಂದು ಪ್ರತಿಯನ್ನೂ ಇಟ್ಟುಕೊಂಡು ಹೊರಟರು. ಮುತ್ತುವಿನ ಗುಡಿಸಲು ಹೊಳೆಯ ಆಚೆ ದಂಡೆಯಲ್ಲಿ. ಅಂಗಳದ ಮೂಲೆಯಲ್ಲಿ ಒಂದು ಮಡಕೆಯ ತುಂಬ ಗಾಜಿನ ಚೂರುಗಳು, ಹಸಿರು, ಬಿಳಿ, ಸೋಡಾ ಬಾಟ್ಲಿಯದ್ದು, ಚಿಮಣಿಯದ್ದು. ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಹೆಕ್ಕಿದ್ದಳು. ಮಯ್ಯರನ್ನು ಕಂಡು ಎದ್ದು ನಿಂತಳು.

“ಅಯ್ಯ, ನನ್ನಿಂದ ಹೋಯ್ತ್. ನೀವ್ ಒಡ್ದ್ ಕೊಟ್ರಿ, ನಂಗೆ ಹಿಡ್ಕಂಬುಕೆ ಆಯ್ಲಿಲ್ಲೆ” ಎಂದಳು.

ಮಯ್ಯರು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಬಿದ್ದುಹೋದವು. ಪಂಚೆ ಬಿಚ್ಚಿದರು.

“ಮುತ್ತು, ಎಂತದೂ ಬಿದ್ದಿದ್ದಿಲ್ಲೆ. ಆ ದಿನ ನಾನ್ ಒಡ್ದದ್ದ್ ಬೇರೆ ಗಾಜ್. ನಿನ್ನ ಹೆಣ್ಣಿನ ಗಾಜ್ ಇದ್. ನಾನ್ ಒಡೀಲೇ ಇಲ್ಲೆ.”

ಅವಳಿಗೆ ತಿಳಿಯಲಿಲ್ಲ. ಮಯ್ಯರು ಇನ್ನೊಮ್ಮೆ ಹೇಳಿದರು. ಗಾಜನ್ನು ಆಕಾಶಕ್ಕೆ ಹಿಡಿದು ಸಂಕ ತೋರಿಸಿದರು, ಬುಟ್ಟಿ ತೋರಿಸಿದರು. ಮುತ್ತು ನಿಧಾನವಾಗಿ ನೆಲದ ಮೇಲೆ ಕೂತಳು.

“ಹಂಗಾರೆ ನನ್ನ ಸೆರಗಿಂದ ಬಿದ್ದದ್ದಲ್ಲ?”

“ಅಲ್ಲ.”

“ನನ್ನ ಕೈಯಿಂದ ಹೋದ್ದಲ್ಲ?”

“ನಿನ್ನ ಕೈಯಿಂದ ಎಂತ ತಪ್ಪೂ ಆಯ್ಲಿಲ್ಲೆ. ತಪ್ಪ್ ನಂದ್.”

ಕೊನೆಯ ಮಾತು ಬಾಯಿಂದ ಬರುವಾಗ ಅದು ಅರ್ಧ ಸುಳ್ಳು ಎಂದು ಮಯ್ಯರಿಗೆ ಅನಿಸಲಿಲ್ಲ. ಮುತ್ತು ಎದೆ ಎದೆ ಬಡಿದುಕೊಂಡು ಅತ್ತಳು. ಮಗು ಹೋದ ದಿನ ಅವಳು ಅತ್ತಿರಲಿಲ್ಲ ಎಂದು ಅಣ್ಣಯ್ಯ ಆಮೇಲೆ ಹೇಳಿದ. ಅತ್ತು ಮುಗಿದ ಮೇಲೆ ಎದ್ದು ಬೈದಳು. ನಿನ್ನ ಕೈ ಸೇದಿ ಹೋಗಲಿ, ನಿನ್ನ ಕಣ್ಣು ಹಿಂಗಿ ಹೋಗಲಿ, ನಿನ್ನ ಮನೆಯಲ್ಲಿ ದೀಪ ಹಚ್ಚುವವರಿಲ್ಲದಂತಾಗಲಿ. ಅಯ್ಯ ಎನ್ನುವ ಬಾಯಲ್ಲಿ ಏಕವಚನ ಬಂತು. ಚೂರಿನ ಮಡಕೆಯನ್ನು ಎತ್ತಿ ಮಯ್ಯರ ಕಾಲ ಬುಡಕ್ಕೆ ಸುರಿದಳು. ಬೇಲಿಯಾಚೆ ಜನ ಸೇರಿದರು. ಮಯ್ಯರು ತಲೆ ತಗ್ಗಿಸಿ ಎಲ್ಲವನ್ನೂ ತೆಗೆದುಕೊಂಡರು. ಜ್ವರದ ಹೆಸರು ಎತ್ತಲಿಲ್ಲ. ವಾದಕ್ಕೆ ಹೆಸರಾದ ಮನೆತನದವರು ಜೀವಮಾನದಲ್ಲಿ ಅದೊಂದೇ ಸಲ ಸುಮ್ಮನೆ ನಿಂತದ್ದು.

ದಣಿದ ಮೇಲೆ ಅವಳ ಕಣ್ಣು ಮಯ್ಯರ ಕೈಯಲ್ಲಿದ್ದ ಕಾಗದದ ಪಟದ ಮೇಲೆ ಬಿತ್ತು. ಸೆರಗಿಗೆ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡಳು. ಬಹಳ ಹೊತ್ತು ನೋಡಿದಳು.

“ಗಾಜ್ ಇಲ್ಲೇ ಬಿಟ್ ಹೋತೆ ಮುತ್ತು. ಒಡಿ, ಹೊಳಿಗೆ ಹಾಕ್, ನಿಂಗ್ ಹೆಂಗ್ ಬೇಕೋ ಹಂಗ್ ಮಾಡ್” ಎಂದರು ಮಯ್ಯರು.

“ಈ ಕಾಗ್ದ ಎಷ್ಟ್ ವರ್ಷ ಉಳಿತ್ತ್?”

“ಸೋರುವ ಮನೆಯಗೆ ನಾಲ್ಕೈದ್ ಮಳೆಗಾಲ. ಮತ್ತೆ ಮಸ್ಕಾತ್ತ್.”

“ಮತ್ತೆ?”

“ಗಾಜ್ ಇದ್ರೆ ಮತ್ತೊಂದ್ ತೆಗೀಲಕ್ಕ್. ಗಾಜ್ ಇಲ್ದಿರೆ ಆಪುದಿಲ್ಲ.”

ಮುತ್ತು ಸುತ್ತ ನೋಡಿದಳು, ಸೋಗೆಯ ಮಾಡು, ಮಣ್ಣಿನ ಗೋಡೆ, ನೆಲದ ಮೇಲೆ ಹರಡಿ ಬಿದ್ದ ಚೂರುಗಳು. ಗಾಜನ್ನು ತಾನೇ ಪಂಚೆಯಲ್ಲಿ ಸುತ್ತಿದಳು, ಹಸುಗೂಸಿಗೆ ಬಟ್ಟೆ ಸುತ್ತುವಂತೆ ತುದಿಗಳನ್ನು ಒಳಗೆ ಮಡಚಿ ಸುತ್ತಿದಳು. ಮಯ್ಯರ ಎರಡೂ ಕೈಯಲ್ಲಿ ಇಟ್ಟಳು.

“ತಕಂಡ್ ಹೋಗಿ. ಇನ್ನ್ ಈ ಬದಿಗೆ ನಿಮ್ಮ ಮುಖ ತೋರ್ಸ್‌ಬೇಡಿ. ಕಾಗ್ದ ಮಸ್ಕಾದ್ರೆ ನಾನೇ ಬತ್ತೆ” ಎಂದಳು. ಮಯ್ಯರು ಸಂಕದ ಮೇಲೆ ಹತ್ತು ಹೆಜ್ಜೆ ಹೋಗಿದ್ದರೋ ಇಲ್ಲವೋ, ಹಿಂದಿನಿಂದ ಅವಳ ಧ್ವನಿ ಕೇಳಿತು. ಬೈಗುಳದ ಧ್ವನಿಯೇ, ಆದರೆ ಒಡೆದಿತ್ತು.

“ಹ್ವಾಯ್ ಅಯ್ಯ! ಮೆಲ್ಲ ಹೋಗಿ! ಅದ್ ಒಡೆದ್ರೆ ನಿಮ್ಮನ್ನ ಬಿಡುದಿಲ್ಲೆ ನಾನ್!”